ಬಾಡಿಗೆ ಮನೆಯಲ್ಲಿದ್ದುಕೊಂಡೇ ಸ್ವಂತ ಮನೆಗೆ ದುಡ್ಡು ಕೂಡಿಸುವುದು ಹೇಗೆ? ಬೆಂಗಳೂರಿನ ಹೊಸ ಜೋಡಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮದುವೆಯಾಗಿ ಬೆಂಗಳೂರಿನಲ್ಲಿ ಮನೆ ಮಾಡುವ ಜೋಡಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ಸಂಬಳದಲ್ಲಿ ಎಷ್ಟು ಪಾಲು ಬಾಡಿಗೆಗೆ ಕೊಡಬಹುದು? ಮೂರನೇ ಒಂದು ಪಾಲು ಅಂತ ಯಾರೋ ಹೇಳುತ್ತಾರೆ, ಅದನ್ನೇ ಹಿಡಿದು ಮನೆ ಹುಡುಕುತ್ತಾರೆ. ಬಾಡಿಗೆಯಲ್ಲೇ ಇರುತ್ತೇವೆ ಅನ್ನುವವರಿಗೆ ಆ ಲೆಕ್ಕ ಸಾಕು. ನಾಲ್ಕೈದು ವರ್ಷದಲ್ಲಿ ಸ್ವಂತ ಮನೆ ಕೊಳ್ಳಬೇಕು ಅಂತಿದ್ದರೆ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ನಾಳೆ ಕಟ್ಟಬೇಕಾದ ಇಎಂಐ ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. ಅಷ್ಟು ದುಡ್ಡನ್ನು ಇವತ್ತಿನಿಂದಲೇ ಪ್ರತಿ ತಿಂಗಳು ಪಕ್ಕಕ್ಕೆ ತೆಗೆಯಿರಿ. ಅದರೊಳಗೆ ಬಾಡಿಗೆ ಕೊಡಿ, ಉಳಿದದ್ದು ಮನೆಯ ನಿಧಿಗೆ ಹೋಗಲಿ.

ಲೆಕ್ಕಕ್ಕೆ ಒಂದು ಜೋಡಿ ಇಟ್ಟುಕೊಳ್ಳೋಣ. ಒಬ್ಬರಿಗೆ ಕೈಗೆ ಬರುವುದು 72,000 ರೂಪಾಯಿ, ಇನ್ನೊಬ್ಬರಿಗೆ 58,000. ಒಟ್ಟು 1,30,000. ಕಣ್ಣಿಟ್ಟಿರುವುದು 70 ಲಕ್ಷದ 2 ಬಿಎಚ್‌ಕೆ ಫ್ಲ್ಯಾಟ್. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಮೊದಲ ಹೆಜ್ಜೆ: ಕೈಯಿಂದ ಎಷ್ಟು ಹಾಕಬೇಕು?

'20% ಇದ್ದರೆ ಸಾಕು, ಉಳಿದದ್ದು ಬ್ಯಾಂಕ್ ಕೊಡುತ್ತೆ' ಅನ್ನುವ ಮಾತು ಅರ್ಧ ಸತ್ಯ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90% ತನಕ ಸಿಗಬಹುದು. 30ರಿಂದ 75 ಲಕ್ಷದ ಸಾಲಕ್ಕೆ 80%, ಅದಕ್ಕಿಂತ ಮೇಲಿನದಕ್ಕೆ 75%. ಇದು ಗರಿಷ್ಠ ಮಿತಿ, ಅಷ್ಟು ಕೊಟ್ಟೇ ಕೊಡುತ್ತಾರೆ ಅಂತಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಬ್ಯಾಂಕ್ ಈ ಬೆಲೆಯಲ್ಲಿ ಸೇರಿಸುವುದಿಲ್ಲ. ಅದೆಲ್ಲ ನಮ್ಮ ಜೇಬಿನಿಂದಲೇ.

ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. ಹಳೇ ವಿಡಿಯೋ ನೋಡಿ 6.6% ಅಂತ ಬರೆದುಕೊಂಡವರು ತಿದ್ದಿಕೊಳ್ಳಿ. ಈ ಶುಲ್ಕ ಲೆಕ್ಕ ಹಾಕುವುದು ಕರಾರಿನ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಕೆಲವು ರಾಜ್ಯಗಳಲ್ಲಿ ಹೆಂಗಸರ ಹೆಸರಿಗೆ ಕೊಂಡರೆ ರಿಯಾಯಿತಿ ಇದೆ, ನಮ್ಮಲ್ಲಿ ಇಲ್ಲ.

ಈಗ ಕೂಡಿಸಿ. 70 ಲಕ್ಷಕ್ಕೆ 80% ಅಂದರೆ 56 ಲಕ್ಷ ಸಾಲ, ಕೈಯಿಂದ 14 ಲಕ್ಷ. ಶುಲ್ಕ 5,32,000. ವಕೀಲರು, ಬ್ಯಾಂಕಿನ ಪ್ರೋಸೆಸಿಂಗ್ ಶುಲ್ಕ, ಅದೂ ಇದೂ ಅಂತ 50,000. ಅಡುಗೆಮನೆಯ ಕಪಾಟು, ವಾರ್ಡ್‌ರೋಬ್, ಫ್ಯಾನು, ಪರದೆ, ಗೃಹಪ್ರವೇಶ ಎಲ್ಲ ಸೇರಿ ಎಷ್ಟೇ ಬಿಗಿ ಹಿಡಿದರೂ 4 ಲಕ್ಷ. ಸುಮಾರು 24 ಲಕ್ಷ ಆಯಿತು. ಬೆಲೆಯ ಮೂರನೇ ಒಂದು ಪಾಲು!

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಇನ್ನೂ 5% ಜಿಎಸ್‌ಟಿ ಸೇರುತ್ತದೆ, ಅಂದರೆ ಮೂರೂವರೆ ಲಕ್ಷ. 45 ಲಕ್ಷದೊಳಗಿನ ಸಣ್ಣ ಮನೆಗೆ ಇದು 1%. ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಸಿಕ್ಕಿದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಎರಡನೇ ಹೆಜ್ಜೆ: ಇವತ್ತಿನಿಂದಲೇ ಇಎಂಐ ಅಭ್ಯಾಸ

20 ವರ್ಷದ ಸಾಲಕ್ಕೆ 8.5% ಬಡ್ಡಿಯಲ್ಲಿ ಒಂದು ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಬೀಳುತ್ತದೆ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು, ಯಾವ ಆ್ಯಪೂ ಬೇಡ. 56 ಲಕ್ಷಕ್ಕೆ ಸುಮಾರು 48,600. ಅಪಾರ್ಟ್‌ಮೆಂಟಿನ ಮೇಂಟೆನೆನ್ಸು, ಆಸ್ತಿ ತೆರಿಗೆ ಸೇರಿಸಿ 53,000 ಇಟ್ಟುಕೊಳ್ಳಿ. ನೀವು ಸಾಲ ತೆಗೆಯುವ ಹೊತ್ತಿಗೆ ಬಡ್ಡಿ ಕಡಿಮೆ ಇದ್ದರೆ ಲಾಭ ನಿಮ್ಮದೇ. ಲೆಕ್ಕ ಹಾಕುವಾಗ ಮಾತ್ರ ಸ್ವಲ್ಪ ಜಾಸ್ತಿಯೇ ಹಿಡಿಯಿರಿ.

ಈ 53,000 ನಮ್ಮ ಜೋಡಿಯ ಆದಾಯದ 41%. ಇದನ್ನು ಪ್ರತಿ ತಿಂಗಳು ಮೊದಲೇ ಎತ್ತಿಡಬೇಕು. ಮೇಂಟೆನೆನ್ಸ್ ಸೇರಿ 26,000ದ ಬಾಡಿಗೆ ಮನೆಯಲ್ಲಿದ್ದರೆ 27,000 ಮನೆಯ ನಿಧಿಗೆ ಉಳಿಯುತ್ತದೆ. ಮೆಟ್ರೋ ನಿಲ್ದಾಣದ ಪಕ್ಕ, ಈಜುಕೊಳ ಇರುವ ಕಡೆ 36,000ಕ್ಕೆ ಹೋದರೆ ಉಳಿಯುವುದು 17,000. ನಾಲ್ಕು ವರ್ಷಕ್ಕೆ ವ್ಯತ್ಯಾಸ 4,80,000. ಮೇಲೆ ಹೇಳಿದ ಮುದ್ರಾಂಕ ಮತ್ತು ನೋಂದಣಿ ಶುಲ್ಕಕ್ಕೆ ಹತ್ತಿರ ಹತ್ತಿರ ಅಷ್ಟೇ ಆಯಿತು.

ಅಭ್ಯಾಸ ಅಂತ ಕರೆದದ್ದಕ್ಕೆ ಕಾರಣ ಇದೆ. ಆರು ತಿಂಗಳು 53,000 ಬದಿಗಿಟ್ಟು ಬದುಕಲು ಆಗಲಿಲ್ಲ ಅನ್ನಿ. ಆಗ 70 ಲಕ್ಷದ ಮನೆ ನಿಮಗೆ ಈಗಲೇ ಆಗಿಬರುವುದಿಲ್ಲ ಅಂತ ಗೊತ್ತಾಗುತ್ತದೆ. ಅದು ಸಾಲ ತೆಗೆಯುವ ಮೊದಲೇ ಗೊತ್ತಾದರೆ ಒಳ್ಳೆಯದು ಅಲ್ವಾ? 55 ಲಕ್ಷದ ಮನೆ ನೋಡಬಹುದು, ಇನ್ನೆರಡು ವರ್ಷ ಕಾಯಬಹುದು.

ಮೂರನೇ ಹೆಜ್ಜೆ: ಬಾಡಿಗೆಯ ಹಿಂದಿರುವ ಬಾಡಿಗೆ

ಬೋರ್ಡಿನ ಮೇಲೆ ಬರೆದ ಬಾಡಿಗೆ ಪೂರ್ತಿ ಕಥೆಯಲ್ಲ. ಮೊದಲನೆಯದು ಅಡ್ವಾನ್ಸು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರು ಬೇಕಾದಷ್ಟಿದ್ದಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ಮಾಲೀಕರ ಮುಂದೆ ಅದನ್ನು ಓದಿ ಹೇಳಿದರೆ ಮನೆ ಸಿಗುವುದಿಲ್ಲ. ಚೌಕಾಸಿ ಮಾಡಿ. 26,000ದ ಮನೆಗೆ ಹತ್ತು ತಿಂಗಳ ಬದಲು ಆರು ತಿಂಗಳಿಗೆ ಒಪ್ಪಿಸಿದರೆ 1,04,000 ರೂಪಾಯಿ ನಿಮ್ಮ ನಿಧಿಯಲ್ಲೇ ಇದ್ದು ಬಡ್ಡಿ ತರುತ್ತದೆ.

ಎರಡನೆಯದು ಮನೆ ಬದಲಿಸುವ ಖರ್ಚು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ ಪೇಂಟಿಂಗ್ ಅಂತ ಇನ್ನೊಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಸಾಮಾನು ಸಾಗಿಸಲು ಹನ್ನೆರಡು ಹದಿನೈದು ಸಾವಿರ. ಒಟ್ಟು 65,000ದ ಹತ್ತಿರ. ಎರಡು ತಿಂಗಳಿಗಿಂತ ಜಾಸ್ತಿ ಉಳಿತಾಯ ಹೋಯಿತು. ಹೀಗಾಗಿ ಸ್ವಲ್ಪ ಕಡಿಮೆ ಬಾಡಿಗೆ ಅನ್ನುವ ಒಂದೇ ಕಾರಣಕ್ಕೆ ವರ್ಷಕ್ಕೊಂದು ಮನೆ ಬದಲಿಸುವುದು ದಂಡ. ನಾಲ್ಕು ವರ್ಷ ಇರಬಹುದಾದ ಮನೆಯನ್ನೇ ಹುಡುಕಿ. ಕರಾರು 11 ತಿಂಗಳದ್ದೇ ಇರಲಿ, ಆದರೆ ನವೀಕರಿಸಿದಾಗ ಏರಿಕೆ 5% ಮಾತ್ರ, ಪೇಂಟಿಂಗ್‌ಗೆ ಇಂತಿಷ್ಟೇ ಅಂತ ಬರೆಸಿಕೊಳ್ಳಿ. ಬಾಯಿಮಾತು ನಡೆಯುವುದಿಲ್ಲ.

ಮನೆ ನೋಡಲು ಹೋದಾಗ ಟೈಲ್ಸ್ ಬಿಡಿ, ನೀರಿನ ಬಗ್ಗೆ ಕೇಳಿ. ಕಾವೇರಿ ನೀರಾ, ಬೋರ್ ನೀರಾ, ಟ್ಯಾಂಕರಾ? ಟ್ಯಾಂಕರ್ ದುಡ್ಡು ಮೇಂಟೆನೆನ್ಸಿನಲ್ಲಿ ಸೇರಿದೆಯಾ, ಬೇರೆಯಾ? 2024ರ ಬೇಸಿಗೆಯಲ್ಲಿ ನಗರದ ಹೊರವಲಯದಲ್ಲಿದ್ದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತಾಯಿತು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂದಿತ್ತು. ಉತ್ತರವನ್ನು ಮಾಲೀಕರಿಂದ ಕೇಳುವುದಕ್ಕಿಂತ ಕೆಳಗಿನ ಮನೆಯವರನ್ನು ಕೇಳಿದರೆ ನಿಜ ಹೊರಬರುತ್ತದೆ.

ಕರೆಂಟಿನದು ಬೇರೆ ಲೆಕ್ಕ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಆ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು. ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ಹಳೇ ಮನೆಯ ನಂಬರಿನಿಂದ ಬಿಡಿಸಿಕೊಳ್ಳದೆ ಹೊಸದಕ್ಕೆ ಜೋಡಿಸಲು ಆಗುವುದಿಲ್ಲ. ಹಾಗೆಯೇ ಹಿಂದಿನ ಬಾಡಿಗೆದಾರರು ಬಿಡಿಸಿಕೊಂಡಿದ್ದಾರಾ ಅಂತ ವಿಚಾರಿಸಿ.

ಸಮಯವೂ ದುಡ್ಡೇ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಹಾಲು ಉಕ್ಕಿಸುವುದಿಲ್ಲ, 'ಟು-ಲೆಟ್' ಬೋರ್ಡ್ ನೇತಾಡುತ್ತಲೇ ಇರುತ್ತದೆ. ನಿಮಗೆ ಆ ನಂಬಿಕೆಯ ಬಿಗಿ ಇಲ್ಲದಿದ್ದರೆ ಚೌಕಾಸಿಗೆ ಇದಕ್ಕಿಂತ ಒಳ್ಳೇ ತಿಂಗಳು ಇಲ್ಲ. ಭಾನುವಾರ ಬೆಳಿಗ್ಗೆ ಬೇಕಾದ ಬಡಾವಣೆಯಲ್ಲಿ ಸುಮ್ನೆ ಒಂದು ಸುತ್ತು ನಡೆಯಿರಿ. ಬೋರ್ಡ್ ನೋಡಿ ನೇರ ಮಾಲೀಕರಿಗೆ ಫೋನ್ ಮಾಡಿದರೆ ಬ್ರೋಕರ್ ದುಡ್ಡು ಉಳಿಯಿತು.

ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ, ಅದರ ಬಗ್ಗೆ ಎರಡು ಮಾತು. ಅದರ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಮ್ಮ ಜೋಡಿ ತರಹದ ಸಂಬಳದವರಿಗೆ ಎಚ್‌ಆರ್‌ಎ ಬಹುತೇಕ ಲೆಕ್ಕಕ್ಕೇ ಬರುವುದಿಲ್ಲ. 'ಟ್ಯಾಕ್ಸ್ ಉಳಿಯುತ್ತೆ' ಅಂತ ದೊಡ್ಡ ಬಾಡಿಗೆ ಮನೆ ಹಿಡಿಯಬೇಡಿ.

ಭೋಗ್ಯದ ಮನೆ: ಆಸೆ ಹುಟ್ಟಿಸುವ ದಾರಿ

ಲೀಸ್‌ಗೆ ಮನೆ ಹಾಕಿಕೊಳ್ಳುವ ಯೋಚನೆ ಎಲ್ಲ ಜೋಡಿಗಳಿಗೂ ಒಂದಲ್ಲ ಒಂದು ದಿನ ಬರುತ್ತದೆ. 20 ಲಕ್ಷ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಹೋಗುವಾಗ ದುಡ್ಡು ಪೂರ್ತಿ ವಾಪಸ್. ಲೆಕ್ಕದಲ್ಲಿ ಇದು ನಿಜವಾಗಿಯೂ ಲಾಭ. 20 ಲಕ್ಷವನ್ನು 6.5% ಬಡ್ಡಿಗೆ ಇಟ್ಟರೆ ತಿಂಗಳಿಗೆ 10,800 ಬರುತ್ತದೆ. ಅದನ್ನು ಬಿಟ್ಟುಕೊಟ್ಟು 26,000ದ ಬಾಡಿಗೆ ಉಳಿಸಬಹುದು.

ಆದರೂ ಸ್ವಂತ ಮನೆಗೆ ಕೂಡಿಸುತ್ತಿರುವವರಿಗೆ ನಾನು ಇದನ್ನು ಹೇಳುವುದಿಲ್ಲ. ನಿಮ್ಮ ಡೌನ್ ಪೇಮೆಂಟ್ ಪೂರ್ತಿ ಒಬ್ಬರ ಕೈಯಲ್ಲಿರುತ್ತದೆ. ಅವರು ಅದನ್ನು ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹಾಕಿರುತ್ತಾರೆ. ಅವಧಿ ಮುಗಿದಾಗ 'ಇನ್ನೊಬ್ಬ ಲೀಸ್ ಪಾರ್ಟಿ ಬರಲಿ, ಅವರ ದುಡ್ಡು ಕೊಡ್ತೀನಿ' ಅನ್ನುತ್ತಾರೆ. ಅಷ್ಟರಲ್ಲಿ ನೀವು ಟೋಕನ್ ಕೊಟ್ಟ ಫ್ಲ್ಯಾಟ್ ಕೈತಪ್ಪುತ್ತದೆ. ಇನ್ನೂ ಕೆಟ್ಟದ್ದು, ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದಿದ್ದರೆ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೀವು ಹೊರಗೆ, ದುಡ್ಡಿಗೆ ಮಾಲೀಕರ ಹಿಂದೆ ಅಲೆದಾಟ. ನಡುವೆ ನಿಂತು ನಿಮ್ಮಿಂದ ಲೀಸ್ ದುಡ್ಡು ತೆಗೆದುಕೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುವ ಮಧ್ಯವರ್ತಿಗಳೂ ಇದ್ದಾರೆ. ಅವರು ಬಾಡಿಗೆ ನಿಲ್ಲಿಸಿದ ದಿನ ಮಾಲೀಕರು ನಿಮ್ಮ ಬಾಗಿಲು ತಟ್ಟುತ್ತಾರೆ.

ಗೊತ್ತಿರುವವರ ಮನೆ, ಹೋಗಲೇಬೇಕು ಅಂದರೆ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಇಸಿ, ತೆಗೆಸಿ. ಕರಾರನ್ನು ನೋಂದಣಿ ಮಾಡಿಸಿ. ದುಡ್ಡು ಬ್ಯಾಂಕ್ ಮೂಲಕ, ಮಾಲೀಕರ ಖಾತೆಗೇ ಹೋಗಲಿ.

ನಾಲ್ಕನೇ ಹೆಜ್ಜೆ: ಉಳಿದ 77,000 ಹಂಚುವುದು

1,30,000ದಲ್ಲಿ 53,000 ಹೋದರೆ ಉಳಿದದ್ದು 77,000. ಒಂದು ಹಂಚಿಕೆ ಹೀಗಿರಬಹುದು: ದಿನಸಿ, ಹಾಲು, ತರಕಾರಿ, ಗ್ಯಾಸ್ 16,000. ಕರೆಂಟು, ಇಂಟರ್ನೆಟ್, ಫೋನ್ 3,500. ಓಡಾಟ 8,000. ಮನೆಕೆಲಸದವರಿಗೆ 3,000. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ 12,000. ಆರೋಗ್ಯ ವಿಮೆ, ಔಷಧಿ 5,000. ತುರ್ತು ನಿಧಿ 7,000. ಹಬ್ಬ, ಮದುವೆ, ಊರಿನ ಪ್ರಯಾಣ 6,000. ಇಬ್ಬರ ಕೈಖರ್ಚು ತಲಾ 7,000. ಲೆಕ್ಕಕ್ಕೆ ಸಿಗದ ಖರ್ಚು 2,500.

ಇದರಲ್ಲಿ ಜಗಳ ಹುಟ್ಟುವುದು ಎರಡು ಕಡೆ. ಒಂದು, ಊರಿಗೆ ಕಳಿಸುವ ದುಡ್ಡು. ಯಾರ ಮನೆಗೆ ಎಷ್ಟು ಅನ್ನುವುದನ್ನು ಮೊದಲೇ ಕೂತು ಮಾತಾಡಿ ಬಜೆಟ್ಟಿನಲ್ಲಿ ಬರೆಯಿರಿ. ಕದ್ದು ಕಳಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ಎರಡು, ಕೈಖರ್ಚು. ಆ 7,000ದಲ್ಲಿ ಶೂ ಕೊಂಡರೂ ಸೀರೆ ಕೊಂಡರೂ ಇನ್ನೊಬ್ಬರು ಕೇಳುವ ಹಾಗಿಲ್ಲ. ಇದನ್ನು ತೆಗೆದು ಅದನ್ನೂ ಉಳಿಸುತ್ತೇವೆ ಅಂತ ಹೊರಟ ಬಜೆಟ್ ಮೂರು ತಿಂಗಳೂ ಬಾಳುವುದಿಲ್ಲ.

ಮುಯ್ಯಿ ಲೆಕ್ಕ ಮರೆಯಬೇಡಿ. ನಿಮ್ಮ ಮದುವೆಗೆ ಬಂದವರೆಲ್ಲರ ಮನೆಯಲ್ಲೂ ಮದುವೆಗಳಿವೆ. ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ ಮೂರ್ನಾಲ್ಕು ಕರೆಯೋಲೆ ಬರುತ್ತವೆ. ಮುಯ್ಯಿಗೆ ಎರಡು ಸಾವಿರ, ಬಸ್ಸಿಗೆ ಎರಡು ಸಾವಿರ. ತಿಂಗಳಿಗೆ 6,000 ತೆಗೆದಿಟ್ಟರೆ ವರ್ಷಕ್ಕೆ 72,000 ಇರುತ್ತದೆ, ದೀಪಾವಳಿಗೂ ಸಾಲುತ್ತದೆ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ದಿನಾ ಬಿಎಂಟಿಸಿಯಲ್ಲಿ ಆಫೀಸಿಗೆ ಹೋಗುವವರಿಗೆ ಇದು ದೊಡ್ಡ ಉಳಿತಾಯವೇ.

ಖಾತೆಗಳನ್ನು ಹೀಗೆ ಇಡಿ. ಇಬ್ಬರ ಸಂಬಳದ ಖಾತೆ ಅವರವರದ್ದೇ ಇರಲಿ. ಒಂದು ಜಂಟಿ ಖಾತೆ ಬಾಡಿಗೆಗೂ ಸಂಸಾರದ ಖರ್ಚಿಗೂ. ಇನ್ನೊಂದು ಖಾತೆ ಮನೆಯ ನಿಧಿಗೆ, ಅದಕ್ಕೆ ಯುಪಿಐ ಬೇಡವೇ ಬೇಡ. ಇಬ್ಬರೂ ಸಂಬಳದ ಅನುಪಾತದಲ್ಲಿ ಹಾಕಿ, 72 ಮತ್ತು 58 ಅಂದರೆ ಸುಮಾರು 55:45. ಸಂಬಳ ಬಂದ ಮರುದಿನವೇ ದುಡ್ಡು ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ.

ಐದನೇ ಹೆಜ್ಜೆ: ನಿಧಿ ಎಲ್ಲಿರಬೇಕು?

ನಾಲ್ಕು ವರ್ಷದಲ್ಲಿ ಬೇಕಾಗುವ ದುಡ್ಡಿಗೆ ಆರ್‌ಡಿ, ಎಫ್‌ಡಿ ಸಾಕು. ತಿಂಗಳಿಗೆ 27,000ದ ಆರ್‌ಡಿ 6.5% ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ಸುಮಾರು 14.8 ಲಕ್ಷ ಆಗುತ್ತದೆ. ಈಗಾಗಲೇ 5 ಲಕ್ಷ ಇದ್ದರೆ ಅದು 6.4 ಲಕ್ಷ. ವರ್ಷದ ಬೋನಸ್ಸಿನಲ್ಲಿ 70,000 ಸೇರಿಸುತ್ತಾ ಹೋದರೆ ಒಟ್ಟು 24 ಲಕ್ಷ ಮುಟ್ಟುತ್ತದೆ. ಅಷ್ಟರಲ್ಲಿ ಮನೆ ಬೆಲೆ ನಿಂತಿರುವುದಿಲ್ಲ. ವರ್ಷಕ್ಕೆ 5% ಏರಿದರೆ 70 ಲಕ್ಷದ ಮನೆ ನಾಲ್ಕು ವರ್ಷದಲ್ಲಿ 85 ಲಕ್ಷ. ಆದ್ದರಿಂದ ಇನ್‌ಕ್ರಿಮೆಂಟ್ ಬಂದಾಗ ನಿಧಿಯ ಕಂತನ್ನು 10% ಏರಿಸಿ. ಬಾಡಿಗೆಯನ್ನಲ್ಲ.

ಒಂದು ಪಾಲು, ಐದರಲ್ಲಿ ಒಂದಕ್ಕಿಂತ ಹೆಚ್ಚಲ್ಲ, ಮ್ಯೂಚುವಲ್ ಫಂಡಿಗೆ ಹಾಕಬೇಕು ಅನಿಸಿದರೆ ಹಾಕಿ. ಕೊನೆಯ ಒಂದೂವರೆ ವರ್ಷದಲ್ಲಿ ಅದನ್ನು ಎಫ್‌ಡಿಗೆ ತಂದುಬಿಡಿ. ಮಾರುಕಟ್ಟೆ ಬಿದ್ದ ತಿಂಗಳೇ ನಿಮ್ಮ ನೋಂದಣಿ ದಿನ ಬರಬಾರದು.

ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಎಲ್ಲವನ್ನೂ ಒಂದೇ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ 35,000ಕ್ಕಿಂತ ಜಾಸ್ತಿ ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಆಗ ವಿಮೆ ಇದ್ದದ್ದು ಒಂದೇ ಲಕ್ಷ. ಇಬ್ಬರ ಹೆಸರಲ್ಲಿ, ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಡಿ.

ಚೀಟಿ? ಆಫೀಸಿನವರೋ ಪಕ್ಕದ ಮನೆಯವರೋ ನಡೆಸುವ ನೋಂದಣಿ ಇಲ್ಲದ ಚೀಟಿಗೆ ಮನೆಯ ನಿಧಿ ಹಾಕಬೇಡಿ, ಅಷ್ಟೇ. ಚೀಟಿ ಹಾಕಲೇಬೇಕು ಅಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ.

ಆರನೇ ಹೆಜ್ಜೆ: ಕೊನೆಯ ವರ್ಷ

ಈ ವರ್ಷ ಹೊಸ ಸಾಲ ಯಾವುದೂ ಬೇಡ. ತಿಂಗಳಿಗೆ 10,000ದ ಕಾರಿನ ಕಂತು ಇದ್ದರೆ ನಿಮಗೆ ಸಿಗುವ ಗೃಹಸಾಲ ಸುಮಾರು 11.5 ಲಕ್ಷ ಇಳಿಯುತ್ತದೆ. 868ರ ಲೆಕ್ಕವನ್ನೇ ಉಲ್ಟಾ ಹಾಕಿ ನೋಡಿ. ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿ, ಇಬ್ಬರ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ) 750ರ ಮೇಲಿದೆಯಾ ನೋಡಿಕೊಳ್ಳಿ.

ಕಟ್ಟುತ್ತಿರುವ ಫ್ಲ್ಯಾಟ್ ತೆಗೆದುಕೊಂಡರೆ ಬಾಡಿಗೆ ಮತ್ತು ಬಡ್ಡಿ ಎರಡೂ ಒಟ್ಟಿಗೆ ಬೀಳುತ್ತವೆ. 56 ಲಕ್ಷದಲ್ಲಿ ಅರ್ಧ ಬಿಡುಗಡೆಯಾದಾಗ ಬಡ್ಡಿಯೇ ತಿಂಗಳಿಗೆ 19,800. ಬಾಡಿಗೆ 26,000 ಸೇರಿ 45,800. ನೀವು 53,000ಕ್ಕೆ ಒಗ್ಗಿಕೊಂಡಿದ್ದರೆ ತೊಂದರೆಯಿಲ್ಲ. 80% ಬಿಡುಗಡೆಯಾದಾಗ ಇದು 57,000 ದಾಟುತ್ತದೆ, ಬಿಲ್ಡರ್ ತಡ ಮಾಡಿದಷ್ಟೂ ಹಾಗೇ ಮುಂದುವರಿಯುತ್ತದೆ. ಬಾಡಿಗೆಯಲ್ಲಿರುವವರಿಗೆ ಒಸಿ ಸಿಕ್ಕ ಮನೆಯೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ.

ಬುಕಿಂಗ್‌ಗೆ ಮೊದಲು ಯೋಜನೆಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ. ರೇರಾ ಕಾಯ್ದೆಯಂತೆ ನೋಂದಾಯಿತ ಮಾರಾಟ ಕರಾರಿಗೆ ಮುಂಚೆ ಬಿಲ್ಡರ್ ಬೆಲೆಯ 10%ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಇ-ಖಾತಾ, ಒಸಿ, ಋಣಭಾರ ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಹೇಳಿದ ವಕೀಲರಿಗಲ್ಲ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಮನೆಯಾದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದೇ.

ಬಾಡಿಗೆ ಮನೆಯ ಅಡ್ವಾನ್ಸನ್ನು ಡೌನ್ ಪೇಮೆಂಟಿನ ಲೆಕ್ಕಕ್ಕೆ ಸೇರಿಸಲೇಬೇಡಿ. ನೋಂದಣಿಗೆ ದುಡ್ಡು ಮೊದಲು ಬೇಕು. ಅಡ್ವಾನ್ಸ್ ಬರುವುದು ಮನೆ ಖಾಲಿ ಮಾಡಿದ ಮೇಲೆ, ಕೆಲವೊಮ್ಮೆ ಇನ್ನೂ ಕೆಲವು ವಾರ ಬಿಟ್ಟು. ಅದು ಸಾಮಾನು ಸಾಗಿಸಲು, ಪರದೆ ಹಾಕಿಸಲು ಇರಲಿ. ಮರಗೆಲಸದವರು ಹೇಳಿದ ದಿನಕ್ಕೆ ಮುಗಿಸುವುದಿಲ್ಲ, ಹಾಗಾಗಿ ಬಾಡಿಗೆ ಮತ್ತು ಇಎಂಐ ಎರಡೂ ಒಟ್ಟಿಗೆ ಬೀಳುವ ಒಂದೆರಡು ತಿಂಗಳಿಗೆ 60,000 ಬೇರೆಯೇ ಇಟ್ಟಿರಿ. ಮಾಲೀಕರಿಗೆ ನೋಟಿಸ್ ಕೊಡುವುದು ನೋಂದಣಿ ಮುಗಿದ ಮೇಲೆ. ಮನೆ ಬಿಡುವ ದಿನ ಗೋಡೆ, ನಲ್ಲಿ, ಮೀಟರ್ ಎಲ್ಲದರ ವಿಡಿಯೋ ಮಾಡಿಕೊಳ್ಳಿ. ಗ್ಯಾಸ್ ಸಂಪರ್ಕದ ವಿಳಾಸ ಬದಲಿಸಿ, ಗೃಹಜ್ಯೋತಿಯನ್ನು ಹಳೇ ಆರ್‌ಆರ್ ನಂಬರಿನಿಂದ ಬಿಡಿಸಿ. ಬೀಗದ ಕೈ ಕೊಡುವುದು ಅಡ್ವಾನ್ಸ್ ದುಡ್ಡು ಖಾತೆಗೆ ಬಿದ್ದ ಮೆಸೇಜ್ ನೋಡಿದ ಮೇಲೆ.